ಸತ್ಯವ್ವನ ಹತ್ತು ಗುಳಿಗೆ

ಬೀಳಗಿಯ ನಮ್ಮ ಓಣಿಯಲ್ಲಿ ಯಾರಿಗಾದರೂ ಜ್ವರ ಬಂದರೆ ಮರುದಿನ ಮುಂಜಾನೆ ಸತ್ಯವ್ವ ಬಾಗಿಲಿಗೆ ಬರುತ್ತಾರೆ. ಚಹಾ ಬೇಡ, ನೀರೂ ಬೇಡ. “ಗುಳಿಗಿ ತೋರಸ್ರಿ, ಎಷ್ಟು ಉಳದಾವು ನೋಡೂಣು.” ಹೀಗೆ ಎಣಿಸಬೇಕೆಂದು ಅವರಿಗೆ ಯಾರೂ ಹೇಳಿಲ್ಲ. ಕುರಿ ಸಾಕುವ ಮನೆತನದವರು, ಓದಿದ್ದು ಏಳನೇ ಇಯತ್ತೆ. ಮಕ್ಕಳು ದೊಡ್ಡವರಾದ ಮೇಲೆ ಆಶಾ ಕಾರ್ಯಕರ್ತೆಯಾದವರು.

ಎರಡು ಸಾವಿರದ ಹದಿನೈದರ ಫೆಬ್ರುವರಿಯಲ್ಲಿ ನನ್ನ ಗಂಡ ಶಶಿಕಾಂತ ಪುಣೆಯಿಂದ ಜ್ವರ ಹೊತ್ತುಕೊಂಡೇ ಬಂದರು. ಗಂಟಲಿನ ದ್ರವ ಪರೀಕ್ಷೆಗೆ ಹೋಯಿತು. ಹಂದಿಜ್ವರವೇ. ಆಸ್ಪತ್ರೆಯಲ್ಲಿ ಹತ್ತು ಗುಳಿಗೆ ಕೊಟ್ಟರು: ಮುಂಜಾನೆ ಒಂದು, ಸಂಜೆ ಒಂದು, ಐದು ದಿನ.

ಮೂರನೆಯ ದಿನ ಮೈ ತಣ್ಣಗಾಯಿತು. ನನಗೋ ಮೂರು ವರ್ಷದ ಮಗಳು ಶೈಲಾಳದೇ ಚಿಂತೆ. ಅವಳು ಒಮ್ಮೆ ಸೀನಿದರೆ ನಾನು ಹತ್ತು ಸಲ ಹಣೆ ಮುಟ್ಟಿ ನೋಡುವವಳು. ಈ ಗುಳಿಗೆ ಎಲ್ಲೂ ಸಿಗುತ್ತಿಲ್ಲವೆಂದು ಓಣಿಯಲ್ಲಿ ಮಾತಾಡುತ್ತಿದ್ದರು. ಉಳಿದ ನಾಲ್ಕನ್ನು ಸಾಸಿವೆ ಡಬ್ಬಿಯ ಹಿಂದೆ ಬಚ್ಚಿಟ್ಟೆ.

ಮರುದಿನ ಮುಂಜಾನೆ ಸತ್ಯವ್ವ ಮತ್ತೆ ಬಂದರು. “ಎಲ್ಲಾ ಮುಗದಾವ್ರಿ” ಎಂದೆ. ಐದು ದಿನದ ಗುಳಿಗೆ ನಾಲ್ಕನೆಯ ಮುಂಜಾನೆಗೇ ಮುಗಿಯುವುದಿಲ್ಲ ಎನ್ನುವುದು ನನಗೆ ಹೊಳೆಯಲಿಲ್ಲ, ಅವರಿಗೆ ಹೊಳೆಯಿತು. ನನ್ನನ್ನು ಬಿಟ್ಟು ಒಳಕೋಣೆಯತ್ತ ದನಿ ಏರಿಸಿದರು.

“ಸಾಹೇಬ್ರ, ಇವತ್ತಿಂದು ನುಂಗಿದ್ರಿ?”

“ಎಲ್ಲೀದ್ರಿ. ಜ್ವರ ಬಿಟ್ಟೈತಿ ಅಂತ ಅನುರಾಧಾ ನಿಲ್ಲಿಸ್ಯಾಳ” ಎಂದರು ಇವರು.

ನನಗೆ ಅಳು ಬಂತು. “ಕೂಸಿಗೆ ಬೇಕಾದ್ರ ಇರ್ಲಿ ಅಂತ ಇಟ್ಟೇನ್ರಿ ಸತ್ಯವ್ವಾರ.”

ಅವರು ಬಾಯಿಗೆ ಸೆರಗು ಹಿಡಿದು ಕಟ್ಟೆಯ ಮೇಲೆ ಕೂತರು. “ಅಕ್ಕಾರ, ಕೂಸಿಗೆ ಹತ್ತೂದಾದ್ರ ಇವರ ಜ್ವರಾನ ಹತ್ತತೈತಿ. ಅರ್ಧಾ ಪೆಟ್ಟು ತಿಂದು ಬದುಕಿದ್ದು ಹತ್ತತೈತಿ. ಆಮ್ಯಾಲೆ ಇದ ಗುಳಿಗಿ ಕೊಟ್ರ ಅದು ಅಂಜತೈತೇನು?”

ಅವರ ತಂದೆ ಜಕ್ಕಪ್ಪ ಕುರಿಗಳ ಹೊಟ್ಟೆಹುಳಕ್ಕೆ ತರುತ್ತಿದ್ದ ಔಷಧಿ ನೂರು ಕುರಿಗೆ ಸಾಲುವಷ್ಟಂತೆ. ಅದನ್ನೇ ಇನ್ನೂರಕ್ಕೆ ಹಂಚುತ್ತಿದ್ದರಂತೆ. “ಎರಡು ವರ್ಷ ಛಲೋ ನಡೀತು. ಮೂರನೇ ವರ್ಷ ಬಾಟ್ಲಿಗಟ್ಟಲೆ ಕುಡಿಸಿದ್ರೂ ಹುಳ ಜಗ್ಗಲಿಲ್ಲ. ಹನ್ನೊಂದು ಕುರಿ ನನ್ನ ಕೈಯಾಗ ಸತ್ತುವು.”

“ಒಟ್ಟಿನ್ಯಾಗ ನನ್ನ ಕುರಿ ಮಾಡಿದ್ರಿ” ಎಂದರು ಶಶಿಕಾಂತ ಒಳಗಿನಿಂದ.

“ಕುರಿ ಆಗಿದ್ರ ಛಲೋ ಇತ್ತರಿ. ದವಡಿ ಹಿಡದು ಹಾಕಿ ಹೋಗ್ತಿದ್ದೆ.”

ಡಬ್ಬಿಯ ಹಿಂದಿನಿಂದ ಗುಳಿಗೆ ತಂದೆ. ಇವರು ನುಂಗುವವರೆಗೂ ಸತ್ಯವ್ವ ಏಳಲಿಲ್ಲ. ಸಂಜೆಯದಕ್ಕೂ ಬಂದರು, ಮರುದಿನವೂ ಎರಡು ಹೊತ್ತು ಬಂದರು. ಹತ್ತೂ ಮುಗಿದವು.

ಆರನೆಯ ದಿನ ಶೈಲಾಳ ಮೈ ಸುಡತೊಡಗಿತು. ನಾಲ್ಕು ಗುಳಿಗೆ ಕಳೆದುಕೊಂಡೆನಲ್ಲ ಎಂದು ಸತ್ಯವ್ವನನ್ನು ಮನಸ್ಸಿನಲ್ಲೇ ಬೈದುಕೊಂಡೆ, ಸುಳ್ಳೇಕೆ ಹೇಳಲಿ. ಅಷ್ಟರಲ್ಲಿ ಅವರೇ ಆಟೋ ತಂದು ನಿಲ್ಲಿಸಿದ್ದರು. ಆಸ್ಪತ್ರೆಯಲ್ಲಿ ವೈದ್ಯರು ಮಗುವನ್ನು ತೂಗಿ, ತೂಕಕ್ಕೆ ತಕ್ಕಂತೆ ಅಳೆದು ಕುಡಿಸುವ ಔಷಧಿ ಕೊಟ್ಟರು. ದೊಡ್ಡವರ ಗುಳಿಗೆ ನಾನೇ ಕೊಟ್ಟಿದ್ದರೆ ಅಳತೆಯೇ ತಪ್ಪುತ್ತಿತ್ತು ಎಂದರು. ಅರ್ಧಕ್ಕೆ ಬಿಟ್ಟರೆ ವೈರಸ್ಸು ಔಷಧಿಗೆ ಬಗ್ಗದಂತಾಗಬಹುದು ಎಂದು ಅವರು ವಿವರಿಸುವಾಗ ಸತ್ಯವ್ವ ಹೊರಗೆ ಇನ್ನೊಂದು ಮನೆಯವರ ಗುಳಿಗೆ ಎಣಿಸುತ್ತಿದ್ದರು.

ಎರಡನೆಯ ದಿನ ಶೈಲಾ ಹಾಲು ಕೇಳಿದಳು. ಮೂರನೆಯ ದಿನ ಜ್ವರ ಪೂರ್ತಿ ಬಿಟ್ಟಿತು. ಆದರೂ ಐದೂ ದಿನ ನಾನೇ ಗಡಿಯಾರ ನೋಡಿ ಕುಡಿಸಿದೆ.

ಹುಬ್ಬಳ್ಳಿಯಿಂದ ಅವ್ವ ಫೋನು ಮಾಡಿ, “ಕೂಸಿನ್ನ ಕರ್ಕೊಂಡು ಇಲ್ಲೇ ಬಂದುಬಿಡು. ಆ ಊರಾಗ ಯಾರದಾರ?” ಎಂದಳು.

“ಸತ್ಯವ್ವ ಅದಾರ.”

“ದೊಡ್ಡ ಡಾಕ್ಟರೇನು?”

“ಅಲ್ಲಬೇ. ನಮ್ಮ ಓಣಿ ಆಶಾ” ಎಂದೆ. ನನ್ನ ದನಿ ಎಷ್ಟು ಜೋರಾಗಿತ್ತೆಂದರೆ ಪಕ್ಕದ ಮನೆಯವರು ಬಾಗಿಲಿಗೆ ಬಂದು ನೋಡಿದರು.