ಮೊಣಕೈ ಆಳದ ಮಣ್ಣು

ಕೆರೆಯ ತಳದಲ್ಲಿ ಹಳೆಯ ಗಾಳಿ ಹೂತಿರುತ್ತದೆ ಎಂದು ಯಾರಾದರೂ ಹೇಳಿದ್ದರೆ ಮೊದಲು ನಾನೂ ನಗುತ್ತಿದ್ದೆ. ಯಲಹಂಕದ ಕಡೆ ಒಂದು ಪ್ರಯೋಗಾಲಯದಲ್ಲಿ ಸಹಾಯಕನಾಗಿ ಸೇರಿದ ಮೇಲೆ ನಗು ನಿಂತಿತು. ಗಾಳಿಯಲ್ಲಿ ತೇಲುವ ಹೊಗೆ, ಧೂಳು ವರ್ಷವರ್ಷವೂ ಕೆರೆಗೆ ಇಳಿದು ಹೂಳಿನಲ್ಲಿ ಪದರವಾಗಿ ಕೂರುತ್ತದೆ. ಬೇಸಿಗೆಯಲ್ಲಿ ಒಣಗಿದ ಕೆರೆಗೆ ಉದ್ದನೆಯ ಪೈಪು ಇಳಿಸಿ, ಮೇಲೆತ್ತಿ, ಒಳಗಿನ ಮಣ್ಣನ್ನು ಬೆರಳಗಲದ ಬಿಲ್ಲೆಗಳಾಗಿ ಕೊಯ್ಯುವುದು ನನ್ನ ಕೆಲಸ. ಕೆಳಗೆ ಹೋದಷ್ಟೂ ಹಳೆಯ ಕಾಲದ ಗಾಳಿ. ಪೈಪಿನ ತುದಿಯಲ್ಲಿರುವುದು ಕೆರೆ ಕಟ್ಟಿಸಿದವರು ಉಸಿರಾಡಿದ್ದು ಎಂದು ನಮ್ಮ ಮೇಡಂ ಹೇಳುತ್ತಿದ್ದರು.

ತುಂಬಿದ ಕೊಡ ತುಳುಕುವುದಿಲ್ಲ. ನಾನು ಅರ್ಧ ಕೊಡ. ಅಟ್ಟೂರಿನ ಮನೆಯಲ್ಲಿ ಅವ್ವನ ಮುಂದೆ ದಿನಾ ಈ ಮಣ್ಣಿನ ವಿದ್ಯೆಯನ್ನೇ ಕೊಚ್ಚಿಕೊಳ್ಳುತ್ತಿದ್ದೆ. ಆ ವರ್ಷ ತಂಗಿ ಚೊಚ್ಚಲ ಹೆರಿಗೆಗೆಂದು ಏಳನೇ ತಿಂಗಳಿಗೇ ಬಂದಿದ್ದಳು. ಅವಳಿಗೆ ಮಣ್ಣಿನ ಬಯಕೆ. ನಮ್ಮಲ್ಲಿ ಬಸುರಿಯರು ಕೆರೆಮಣ್ಣನ್ನು ಬಿಲ್ಲೆ ತಟ್ಟಿ, ಕೆಂಡದಲ್ಲಿ ಸುಟ್ಟು ತಿನ್ನುವುದು ಹೊಸತೇನಲ್ಲ. ತಿನ್ನಬೇಡ ಎಂದು ನಾನು ಹೇಳಬೇಕಿತ್ತು. ಹೇಳಲಿಲ್ಲ. ಬದಲಿಗೆ, ಮೇಲಿನ ಮಣ್ಣಿಗೆ ಚರಂಡಿ ನೀರು ಸೇರಿದೆ, ಮೊಣಕೈ ಆಳಕ್ಕೆ ಅಗೆದು ತೆಗೆ, ಅದು ಹಳೆಯದು, ಶುದ್ಧ ಎಂದು ಅವ್ವನಿಗೆ ಅಪ್ಪಣೆ ಕೊಡಿಸಿದೆ. ನಾವು ಪೈಪು ಇಳಿಸಿದ್ದ ಅದೇ ಕೆರೆಗೆ ಅವ್ವ ಹಾರೆ ಹಿಡಿದು ಹೋದಳು.

ಒಂದೂವರೆ ತಿಂಗಳ ಮೇಲೆ ಆ ಕೆರೆಯ ವರದಿ ಬಂತು. ಮೇಡಂ ಗ್ರಾಫನ್ನು ನನ್ನ ಮುಂದೆ ಹಿಡಿದರು. ಸೀಸದ ಗೆರೆ ಪೈಪಿನ ತಳದಲ್ಲಿ ತೆಪ್ಪಗೆ ಮಲಗಿತ್ತು, ಮೇಲ್ಪದರದಲ್ಲೂ ತಗ್ಗಿತ್ತು. ನಡುವೆ ಮಾತ್ರ ಗೋಪುರದಂತೆ ಎದ್ದಿತ್ತು. ಸೀಸ ಬೆರೆಸಿದ ಪೆಟ್ರೋಲಿನಲ್ಲಿ ಗಾಡಿಗಳು ಓಡುತ್ತಿದ್ದ ವರ್ಷಗಳ ಹೊಗೆ ಅದು. ಆ ಪೆಟ್ರೋಲು ನಿಂತು ಹತ್ತು ವರ್ಷವಾಗಿದ್ದರಿಂದ ಮೇಲೆ ಬೇರೆ ಹೂಳು ಕೂತಿತ್ತು. ಎಷ್ಟು ಆಳದಲ್ಲಿ ಎಂದು ಕೇಳಿದೆ. ಕೇಳಬೇಕಾಗಿರಲಿಲ್ಲ, ಆ ಬಿಲ್ಲೆಗಳನ್ನು ಕೊಯ್ದವನು ನಾನೇ.

“ಸುಮಾರು ಒಂದು ಮೊಣಕೈ ಅಂದ್ಕೊಳ್ಳಿ,” ಎಂದರು ಮೇಡಂ.

ಹೊಟ್ಟೆಯೊಳಗಿನ ಮಗುವಿನ ಮಿದುಳನ್ನು ಸೀಸ ಹೇಗೆ ಕೆಡಿಸುತ್ತದೆಂದು ಅದೇ ಮೇಡಂ ಟೀ ಕುಡಿಯುತ್ತ ಎಷ್ಟೋ ಸಲ ಹೇಳಿದ್ದರು. ನಾನು ತಲೆಯಾಡಿಸಿದ್ದೆ.

ಬಸ್ಸಿಗೆ ಕಾಯದೆ ಆಟೋ ಹತ್ತಿದೆ. ತಂಗಿ ಬಾಗಿಲ ಬಳಿ ಕಾಲು ಚಾಚಿ ಕೂತಿದ್ದಳು. ಬಿಲ್ಲೆಗಳ ಡಬ್ಬಿ ಎಲ್ಲಿ ಎಂದು ಅವ್ವನನ್ನು ಕೇಳಿದೆ. ತಂದು ಕೊಟ್ಟಳು. ತಳದಲ್ಲಿ ಒಂದಿಷ್ಟು ಪುಡಿ ಬಿಟ್ಟರೆ ಏನೂ ಉಳಿದಿರಲಿಲ್ಲ. ಇದ್ದದ್ದನ್ನು ಇದ್ದಂತೆ ಹೇಳಿದೆ. ಅವ್ವ ಬೈಯಲಿಲ್ಲ, ಬೈದಿದ್ದರೆ ಎಷ್ಟೋ ಮೇಲಿತ್ತು.

“ನನ್ ಪಾಡಿಗ್ ಬಿಟ್ಟಿದ್ರೆ ಮೇಲಿನ್ ಮಣ್ಣೇ ತರ್ತಿದ್ದೆ ಕಣಪ್ಪ,” ಎಂದಳು. “ಕೆಳಗಿಂದು ಅಳೇ ಕಾಲದ್ದು, ಚೊಕ್ಕ ಅಂತ ನೀನೇ ಏಳಿದ್ದು.”

ತಂಗಿ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, ಮಗುವಿಗೆ ಏನಾಗುತ್ತದೆ ಎಂದು ಮೆಲ್ಲಗೆ ಕೇಳಿದಳು. ಗೊತ್ತಿಲ್ಲ ಎಂದೆ. ಆ ಮನೆಯಲ್ಲಿ ಆ ಮಾತನ್ನು ನಾನು ಆಡಿದ್ದು ಅದೇ ಮೊದಲು.