ಹ್ಞೂಂ ಅನ್ನುವಷ್ಟು ಜಾಗ

ನಂಬದವರು ಇಲ್ಲಿಗೇ ಪುಟ ತಿರುವಿಬಿಡಿ, ನನಗೇನೂ ಸಿಟ್ಟಿಲ್ಲ. ದೆವ್ವ, ಭೂತ ಅಂದರೆ ಕಿಸಕ್ಕನೆ ನಗುವವಳು ನಾನು. ಆದರೆ ರಂಗಂಪೇಟೆಯ ಆ ಮನೆಯಲ್ಲಿ ಆ ರಾತ್ರಿ ನಾನು ಕೇಳಿಸಿಕೊಂಡದ್ದು ಸುಳ್ಳಲ್ಲ. ನನ್ನ ಜೊತೆ ಇನ್ನೂ ಇಬ್ಬರು ಹೆಂಗಸರು ಕೇಳಿದ್ದಾರೆ.

ಸುರಪುರದ ಒಂದು ಸಣ್ಣ ರೇಡಿಯೊ ಕೇಂದ್ರದಲ್ಲಿ ಧ್ವನಿ ಮುದ್ರಿಸುವುದು, ಬೇಡದ್ದನ್ನು ಕತ್ತರಿಸುವುದು ನನ್ನ ಕೆಲಸ. ನಮ್ಮ ಕೇಂದ್ರದ ಜೀವ ಅಂದರೆ ಮಾಳಪ್ಪ ಕಾಕಾ. ನಗೆನಾಟಕದಲ್ಲಿ ಯಾದಗಿರಿ ಬಸ್ಸಿನ ಕಂಡಕ್ಟರ್ ಅವರೇ, ದೊಡ್ಡ ನಾಟಕದಲ್ಲಿ ಕುಡುಕ ಮಾವನೂ ಅವರೇ. ಬಳಿಚಕ್ರದ ಹೊಲಗಳಿಗೆ ಹೋಗಿ ತೊಗರಿ ರಾಶಿ ಮಾಡುವವರ ಮಾತು ಹಿಡಿದು ತಂದು ನುಡಿಚಿತ್ರ ಮಾಡಿದವರೂ ಅವರೇ. ಇನ್ನು ರಾತ್ರಿಗೊಂದು ಕಥೆ ಅಂತೂ ಅವರದ್ದೇ.

ಆ ಕಥೆಗಳದೇ ಒಂದು ರಗಳೆ. ನಮ್ಮ ಕಡೆ ಕಥೆ ಹೇಳುವಾಗ ಎದುರು ಕೂತವರು ಹ್ಞೂಂಗುಟ್ಟಬೇಕು. ಇಲ್ಲದಿದ್ದರೆ ಹೇಳುವವರು ಮುಂದಕ್ಕೆ ಹೋಗುವುದಿಲ್ಲ. ಕಾಕಾ ಮೈಕಿನ ಮುಂದೆಯೂ ಹಾಗೇ... ಒಂದು ಮಾತು ಹೇಳಿ ಸುಮ್ಮನಾಗುವರು, ಆಮೇಲೆ ಮುಂದಿನ ಮಾತು. ಕೇಳುವವರು ರೇಡಿಯೊ ಕೆಟ್ಟಿತು ಅಂದುಕೊಳ್ಳುತ್ತಾರೆ ಎಂದು ನಾನು ರೇಗಿದರೆ ನಗುವರು.

"ಮನ್ಯಾಗ ನಿಮ್ಮ ಕಾಕು ಕೇಳಾಕತ್ತಿರ್ತಾಳವ್ವಾ. ಆಕಿಗಿ ಹ್ಞೂಂ ಅನ್ನಾಕ ಜಾಗ ಬೇಕಲ್ಲ."

ಅಂಥ ಕಾಕಾ ಒಂದು ದಿನ ಎದೆನೋವು ಅಂದವರು ಆಸ್ಪತ್ರೆ ಮುಟ್ಟಲಿಲ್ಲ. ನಾವೆಲ್ಲ ಅತ್ತೆವು. ಅವರ ಹೆಂಡತಿ ನಿಂಗಮ್ಮ ಕಾಕು ಮಾತ್ರ ಅಳಲಿಲ್ಲ. ಅಂದಿನಿಂದ ಬಾಯಲ್ಲಿ ಒಂದು ಮಾತೂ ಇಲ್ಲ. ಮಗಳು ದೇವಮ್ಮ ಅಂಬಲಿ ಹಿಡಿದರೆ ಎರಡು ಗುಟುಕು, ಅಷ್ಟೇ. ಹೇಗಾದರೂ ಅಳಿಸಿರಿ, ಇಲ್ಲದಿದ್ದರೆ ಈ ಜೀವ ಉಳಿಯುವುದು ಕಷ್ಟ ಎಂದು ಡಾಕ್ಟರು ಹೇಳಿದ್ದರು. ದೇವಮ್ಮ ನನ್ನ ಕೈ ಹಿಡಿದುಕೊಂಡು, ಒಂದು ದಿನವಿಡೀ ಅಪ್ಪನ ಧ್ವನಿ ಹಾಕುತ್ತೀಯಾ ಎಂದು ಕೇಳಿದಳು.

ಹಾಕಿದೆವು. ಬೆಳಿಗ್ಗೆ ನಗೆನಾಟಕ, ಮಧ್ಯಾಹ್ನ ದೊಡ್ಡ ನಾಟಕ, ಸಂಜೆ ನುಡಿಚಿತ್ರ, ಊಟದ ಹೊತ್ತಿಗೆ ಕಥೆ. ಎಲ್ಲವೂ ಒಂದೇ ದಿನದಲ್ಲಿ ಹಿಡಿಸಬೇಕಲ್ಲ, ಕಥೆಯ ನಡುವಿನ ಮೌನಗಳನ್ನೆಲ್ಲ ನಾನೇ ಕತ್ತರಿಸಿ ಮಾತಿಗೆ ಮಾತು ಜೋಡಿಸಿದ್ದೆ. ಒಂದನ್ನೂ ಬಿಟ್ಟಿರಲಿಲ್ಲ. ಇದನ್ನು ಮರೆಯಬೇಡಿ.

ಆ ದಿನ ನಾನೂ ರಂಗಂಪೇಟೆಯ ಕಾಕುವಿನ ಮನೆಯಲ್ಲೇ ಇದ್ದೆ. ಬಸ್ಸಿನಲ್ಲಿ ಕೋಳಿಗೂ ಟಿಕೆಟ್ ತೆಗೆಸುವ ಕಂಡಕ್ಟರನ ಜಗಳ ಕೇಳಿ ಓಣಿಯ ಹೆಂಗಸರು ನಕ್ಕರು, ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡರು. ಕಾಕು ಗೋಡೆ ನೋಡುತ್ತ ಕೂತಿದ್ದಳು. ನಾಟಕ ಮುಗಿಯಿತು, ನುಡಿಚಿತ್ರ ಮುಗಿಯಿತು, ಕಣ್ಣು ತೇವವಾಗಲಿಲ್ಲ. ಕತ್ತಲಾಗಿ ಓಣಿಯವರು ಮನೆಗೆ ಹೋದರು. ಉಳಿದದ್ದು ಕಥೆಯೊಂದೇ.

"ಒಂದೂರಾಗ ಒಬ್ಬ ಅಂಬಿಗ ಇದ್ದ..."

ಅಷ್ಟು ಹೇಳಿ ಕಾಕಾನ ಧ್ವನಿ ನಿಂತಿತು.

ಆ ಜಾಗ ಅಲ್ಲಿ ಇರಲೇ ಇಲ್ಲ... ನಾನು ಕತ್ತರಿಸಿದ್ದೆ.

ಕೇಂದ್ರದಲ್ಲಿ ಏನೋ ಕೆಟ್ಟಿರಬೇಕು ಎಂದು ರೇಡಿಯೊ ಕಿವಿಗೆ ಹಿಡಿದೆ. ಕೆಟ್ಟಿದ್ದರೆ ಗರಗರ ಬರಬೇಕಿತ್ತು. ಬಂದದ್ದು ಉಸಿರು... ಹತ್ತಿರದಲ್ಲೇ ಕೂತು ಯಾರೋ ಕಾಯುವ ಉಸಿರು. ಆಮೇಲೆ ಕಟಕ್... ಅಡಕತ್ತರಿಯಲ್ಲಿ ಅಡಿಕೆ ಹೋಳಾದ ಸದ್ದು. ಸ್ಟುಡಿಯೊದೊಳಗೆ ಎಲೆ ಅಡಿಕೆ ತರಲು ನಾನು ಕಾಕಾನನ್ನು ಎಂದೂ ಬಿಟ್ಟವಳಲ್ಲ. ಕೋಣೆಯ ತುಂಬ ಸುಣ್ಣ, ತಂಬಾಕಿನ ವಾಸನೆ ಹರಡಿತು.

ಹೊರಗೆ ಎದುರು ಮನೆಯ ರೇಡಿಯೊದಲ್ಲಿ ಅದೇ ಕಥೆ ತಡೆಯಿಲ್ಲದೆ ಸಾಗಿತ್ತು. ನೋಡನೋಡುತ್ತಿದ್ದಂತೆ ಅದು ಮುಗಿದು ಹಾಡು ಶುರುವಾಯಿತು. ನಾವಿದ್ದ ಮನೆಯಲ್ಲಿ ಕಾಕಾ ಇನ್ನೂ ಮೊದಲ ಮಾತಿನಲ್ಲೇ ನಿಂತಿದ್ದರು.

"ಅಪ್ಪ ಕಾಯಾಕತ್ತಾನ..." ದೇವಮ್ಮ ಪಿಸುಗುಟ್ಟಿದಳು.

ರೇಡಿಯೊ ಬಂದ್ ಮಾಡಲು ಕೈ ಚಾಚಿದೆ. ಕಾಕು ನನ್ನ ಮಣಿಕಟ್ಟು ಗಪ್ಪನೆ ಹಿಡಿದಳು.

"ಹ್ಞೂಂ," ಅಂದಳು.

ಆ ಕ್ಷಣವೇ ಕಾಕಾ ಮುಂದುವರಿಸಿದರು. ಅಂಬಿಗ ಹರಗೋಲನ್ನು ನೀರಿಗೆ ಬಿಟ್ಟ... ಹ್ಞೂಂ. ಹೆಂಡತಿ ದಂಡೆಯ ಮೇಲೆ ನಿಂತೇ ಇದ್ದಳು... ಹ್ಞೂಂ. ಕೆಲವೊಮ್ಮೆ ಕಾಕುವಿಗೆ ಬಿಕ್ಕು ನುಂಗಿಕೊಳ್ಳಲು ಹೊತ್ತು ಹಿಡಿಯುತ್ತಿತ್ತು. ಅಷ್ಟು ಹೊತ್ತೂ ಕಾಕಾ ಕಾದರು. ಕೊನೆಗೆ ಅಂಬಿಗ ಆಚೆ ದಂಡೆ ಸೇರಿದ, ಹೆಂಡತಿ ಮನೆಗೆ ಹೋಗಿ ಒಲೆ ಹಚ್ಚಿದಳು. ರೇಡಿಯೊ ತಾನಾಗಿಯೇ ಹಾಡಿಗೆ ತಿರುಗಿತು. ಕಾಕು ಮಗಳ ಮಡಿಲಲ್ಲಿ ಬಿದ್ದು, ದೇವರೇ, ಎಂಥ ಅಳು ಅತ್ತಳು! ಆಮೇಲೆ ತನ್ನ ಕೈಯಿಂದಲೇ ಅರ್ಧ ರೊಟ್ಟಿ ತಿಂದಳು.

ಮರುದಿನ ಕೇಂದ್ರದಲ್ಲಿ ವಿಚಾರಿಸಿದೆ. ಕಥೆ ಎಲ್ಲೂ ನಿಂತಿರಲಿಲ್ಲ, ನಾನು ಜೋಡಿಸಿದ ಹಾಗೆಯೇ ಹೋಗಿತ್ತು.

ಕೆಲ ದಿನಗಳ ಮೇಲೆ ಕಾಕು ಆ ಕಥೆಯನ್ನು ಇನ್ನೊಮ್ಮೆ ಕೇಳಬೇಕು ಅಂದಳು. ಈ ಸಲ ನಾನು ಕತ್ತರಿಸದ ಮೂಲ ಮುದ್ರಣವನ್ನೇ ಮೊಬೈಲಿನಲ್ಲಿ ಒಯ್ದೆ, ಎಲ್ಲ ಮೌನಗಳ ಸಮೇತ. ಅಂಬಿಗ ಇದ್ದ ಎಂದು ಕಾಕಾ ಸುಮ್ಮನಾದರು. ಕಾಕು ಹ್ಞೂಂ ಅನ್ನಲಿಲ್ಲ. ಬೇಕಂತಲೇ ತುಟಿ ಬಿಗಿದು, ಮೊಬೈಲನ್ನೇ ನೋಡುತ್ತ ಕೂತಳು.

ಕಾಕಾ ಸ್ವಲ್ಪ ಹೊತ್ತು ಬಿಟ್ಟು, ಮುಂದಿನ ಮಾತು ಹೇಳಿದರು. ಅದರ ಮುಂದಿನದೂ ಹೇಳಿದರು.

ಕಾಕು ಮೆಲ್ಲಗೆ ಮೊಬೈಲನ್ನು ನನ್ನ ಕೈಗಿಟ್ಟಳು.

"ಅವತ್ತ ಕಾದ್ರು. ಇವತ್ತ ಕಾಯಲಿಲ್ಲ ನೋಡು," ಅಂದಳು. "ಖರೇನ ಹೋದ್ರವ್ವಾ."

ಕಾಕು ಈಗ ಉಣ್ಣುತ್ತಾಳೆ, ಮಾತಾಡುತ್ತಾಳೆ. ನೆಮ್ಮದಿ ಇಲ್ಲದಿರುವುದು ನನಗೆ. ಯಾರ ಮಾತಿನ ನಡುವೆ ಮೌನ ಬಂದರೂ ಕತ್ತರಿಸಲು ಕೈ ಬರುವುದಿಲ್ಲ. ಹೆಡ್‌ಫೋನಿನಲ್ಲಿ ಅದು ತುಸು ಉದ್ದವಾಯಿತೆಂದರೆ, ಒಬ್ಬಳೇ ಇದ್ದಾಗಲೂ, ಮೆಲ್ಲಗೆ ಹ್ಞೂಂ ಅಂದುಬಿಡುತ್ತೇನೆ. ಯಾಕೆ ಅಂತೀರಾ... ಆ ಕಡೆ ಯಾರಾದರೂ ಕಾಯುತ್ತಿದ್ದರೆ?