ಅಮ್ಮನ ಐಸು ಕೈ

ನಾನು ಐದನೇ ಕ್ಲಾಸಿನಲ್ಲಿದ್ದ ಕಾಲಕ್ಕೆ, ಉದ್ಯಾವರದ ನಮ್ಮ ಮನೆಯಲ್ಲಿ ಹಣೆ ಮುಟ್ಟಿ ಜ್ವರ ಹೇಳುವ ಹಕ್ಕು ಎಲ್ಲರಿಗೂ ಇತ್ತು, ಅಮ್ಮನಿಗೆ ಮಾತ್ರ ಇರಲಿಲ್ಲ. ಅಮ್ಮ ಬೆಳಕು ಹರಿಯುವ ಮೊದಲೇ ಮಲ್ಪೆಗೆ ಹೋಗಿ ಬಂಗುಡೆ, ಬೂತಾಯಿ ಮೀನು ತಂದು ಸಂತೆಕಟ್ಟೆಯಲ್ಲಿ ಕೂತು ಮಾರುತ್ತಿದ್ದಳು. ಮಧ್ಯಾಹ್ನದವರೆಗೆ ಅವಳ ಕೈ ಐಸಿನಲ್ಲೇ. ಮನೆಗೆ ಬಂದು ಮುಟ್ಟಿದರೆ ನಾವೆಲ್ಲ ಅವಳಿಗೆ ಕಾದ ಕಾವಲಿ! "ಅಯ್ಯೋ, ಮಗುವಿಗೆ ಜ್ವರ" ಎಂದು ಎರಡು ಸಲ ಸುಮ್ಮನೆ ಡಾಕ್ಟರರ ಹತ್ತಿರ ಓಡಿದ್ದೂ ಉಂಟು. ಬೋಟಿನಿಂದ ಬಂದ ಅಪ್ಪ ಅದನ್ನೇ ಹೇಳಿ ಹೇಳಿ ನಗುತ್ತಿದ್ದರು. ಕೊನೆಗೆ ಡಾಕ್ಟರರೇ ಒಂದು ಥರ್ಮಾಮೀಟರ್ ಇಟ್ಟುಕೊಳ್ಳಿ ಎಂದರು.

ಅದು ಬಂದ ಮೇಲೆ ಅಮ್ಮನ ಗತ್ತೇ ಬೇರೆ. ಓದು ಅಷ್ಟಕ್ಕಷ್ಟೇ ಆದರೂ ಕೆಂಪು ಗುರುತು ದಾಟಿದರೆ ಜ್ವರ ಎಂದು ತಿಳಿದುಕೊಂಡಿದ್ದಳು. ಕೈ ಬೀಸಿ ಕೊಡವಿ ಪಾದರಸ ಇಳಿಸಿ, ನಮ್ಮ ಕಂಕುಳಲ್ಲಿ ಇಟ್ಟು, ಆಮೇಲೆ ಕಿಟಕಿಯ ಬೆಳಕಿಗೆ ಹಿಡಿದು ಹೊರಳಿಸಿ ನೋಡುವಳು. ಮೀನಿನ ವಾಸನೆ, ಲೈಫ್‌ಬಾಯ್ ಸೋಪಿನ ವಾಸನೆ ಎರಡೂ ಒಟ್ಟಿಗೆ ಮೂಗಿಗೆ ಬರುತ್ತಿದ್ದವು.

ಮಳೆಗಾಲ ಮುಗಿದು ಬೋಟುಗಳು ಮತ್ತೆ ಕಡಲಿಗೆ ಇಳಿದಿದ್ದವು. ನನಗೆ ಮರುದಿನ ಲೆಕ್ಕದ ಟೆಸ್ಟು. ಅಮ್ಮನ ಕೈಗೆ ಸುಳ್ಳು ಜ್ವರ ಗೊತ್ತಾಗುವುದಿಲ್ಲ, ಅವಳು ನಂಬುವುದು ಥರ್ಮಾಮೀಟರನ್ನು ಮಾತ್ರ ಎಂದು ನನ್ನ ಕಳ್ಳಬುದ್ಧಿಗೆ ಹೊಳೆಯಿತು. ಅವಳು ಬಾವಿಕಟ್ಟೆಯಲ್ಲಿ ಮೀನಿನ ಬುಟ್ಟಿ ತೊಳೆಯುತ್ತಿದ್ದಾಗ, ಕುದಿಯುವ ನೀರನ್ನು ಲೋಟಕ್ಕೆ ಬಗ್ಗಿಸಿ ಥರ್ಮಾಮೀಟರನ್ನು ಅದರಲ್ಲಿ ಅದ್ದಿದೆ. ಪಾದರಸ ಉಬ್ಬಿ ಮೇಲೇರಿ, ಮುಂದೆ ಹೋಗಲು ಜಾಗವಿಲ್ಲದೆ ಟಿಕ್ ಎಂದು ಗಾಜು ಒಡೆಯಿತು. ಲೋಟದ ನೀರು, ಗಾಜು ಎಲ್ಲ ಹಿತ್ತಲ ಬಾಳೆಬುಡಕ್ಕೆ ಚೆಲ್ಲಿದೆ. ಥರ್ಮಾಮೀಟರಿನ ಖಾಲಿ ಕೇಸಿಗೆ ಮುಚ್ಚಳ ಹಾಕಿ ಕಪಾಟಿನಲ್ಲಿ ಮೊದಲಿದ್ದಲ್ಲೇ ಇಟ್ಟೆ. ಟೆಸ್ಟಿಗೂ ಹೋಗಬೇಕಾಯಿತು.

ನಾಲ್ಕು ದಿನ ಕಳೆದು ಭಾನುವಾರ. ನಾಲ್ಕು ವರ್ಷದ ತಮ್ಮ ಪಚ್ಚು ಬೆಳಿಗ್ಗೆಯಿಂದ ಗಂಜಿ ಮುಟ್ಟದೆ ಚಾಪೆ ಹಿಡಿದಿದ್ದ. ಮಧ್ಯಾಹ್ನ ಬಂದ ಅಮ್ಮ ಅವನ ಹಣೆಗೆ ಕೈಯಿಟ್ಟವಳೇ ಬೆಚ್ಚಿದಳು.

"ಬೆಂಕಿ ಹಾಗೆ ಉಂಟಲ್ಲ ಮಾರಾಯ್ತಿ! ಥರ್ಮಾಮೀಟರ್ ತಾ."

ನಾನೂ ಅವನನ್ನು ಮುಟ್ಟಿ ನೋಡಿದೆ. ನನ್ನ ಕೈ ಐಸಿನಲ್ಲಿ ಇದ್ದದ್ದಲ್ಲ, ಆದರೂ ಸುಟ್ಟಿತು. ಹಾಗೆ ಸುಟ್ಟದ್ದನ್ನು ಇಲ್ಲಿಯವರೆಗೆ ಯಾರಿಗೂ ಹೇಳಿಲ್ಲ.

"ಎಂತದೂ ಇಲ್ಲಮ್ಮ. ನಿನ್ನ ಕೈ ಐಸು ಅಲ್ವಾ, ನಿನಗೆ ಎಲ್ಲರೂ ಬಿಸಿಯೇ" ಎಂದೆ.

ಅಮ್ಮ ತನ್ನ ಅಂಗೈ ನೋಡಿಕೊಂಡು ನಕ್ಕಳು. "ಹೌದಲ್ಲ, ನನ್ನದೊಂದು ಹೆದರಿಕೆ" ಎಂದು ಸ್ನಾನಕ್ಕೆ ಹೋದಳು. ಉಂಡು, ದಣಿವಿಗೆ ಅಲ್ಲೇ ಒರಗಿ ನಿದ್ದೆ ಹೋದಳು. ನಾನು ಎಬ್ಬಿಸಲಿಲ್ಲ.

ನಾಲ್ಕು ಗಂಟೆಗೆ ಪಚ್ಚುವಿಗೆ ಫಿಟ್ಸ್ ಬಂತು. ಕಣ್ಣು ಮೇಲಾಗಿ, ಕೈಕಾಲು ಸೆಟೆದುಕೊಂಡವು. ರಿಕ್ಷಾದಲ್ಲಿ ಅವನನ್ನು ತಬ್ಬಿಕೊಂಡು ಅಮ್ಮ ಉಡುಪಿಯವರೆಗೂ ದೇವರನ್ನು ಕರೆಯುತ್ತಿದ್ದಳು, ನಾನು ಅವಳ ಸೆರಗು ಹಿಡಿದು ಕೂತಿದ್ದೆ.

"ಇಷ್ಟು ಏರುವವರೆಗೆ ಎಂತ ಮಾಡ್ತಿದ್ರಿ? ಮುಟ್ಟಿ ನೋಡ್ಲಿಲ್ವಾ?" ಆಸ್ಪತ್ರೆಯ ಡಾಕ್ಟರ್ ಗದರಿದರು.

"ಮುಟ್ಟಿದೆ ಡಾಕ್ಟ್ರೇ," ಅಮ್ಮ ಎರಡೂ ಕೈ ಸೆರಗಿನೊಳಗೆ ಅಡಗಿಸಿಕೊಂಡಳು. "ನನ್ನ ಕೈ ಸರಿ ಇಲ್ಲ."

ಪಚ್ಚು ಮೂರು ದಿನದಲ್ಲಿ ಚೇತರಿಸಿಕೊಂಡ, ಅದೊಂದು ಪುಣ್ಯ. ಮನೆಗೆ ಬಂದ ಮೇಲೆ ಖಾಲಿ ಕೇಸು ಅಮ್ಮನ ಕಣ್ಣಿಗೆ ಬಿತ್ತು. "ಪಚ್ಚು ಆಡಿ ಒಡೆದಿರಬೇಕು" ಎಂದೆ. ಛೀ, ಆ ಮಗುವಿನ ತಲೆಗೆ ಕಟ್ಟಿದೆ! ಅವನು ಈಗಲೂ ತನ್ನ ಮಗಳಿಗೆ, "ನಿನ್ನ ಅಪ್ಪ ಥರ್ಮಾಮೀಟರ್ ಒಡೆದು ತಾನೇ ಸಾಯ್ಲಿಕ್ಕೆ ಹೊರಟವ" ಎಂದು ನಗುತ್ತಾನೆ. ನಾನೂ ನಗುತ್ತೇನೆ.

ನಾನೀಗ ಕಾಪುವಿನಲ್ಲಿ ವಿಜ್ಞಾನದ ಟೀಚರ್. ಪ್ರತಿ ವರ್ಷ ಮೂರು ಪಾತ್ರೆ ಇಟ್ಟು ಪಾಠ ಮಾಡುತ್ತೇನೆ. ಒಂದು ಕೈ ಐಸು ನೀರಿನಲ್ಲಿ, ಇನ್ನೊಂದು ಬಿಸಿನೀರಿನಲ್ಲಿ, ಆಮೇಲೆ ಎರಡೂ ಉಗುರುಬೆಚ್ಚಗಿನ ನೀರಿಗೆ. ಒಂದು ಕೈ ಬಿಸಿ ಎನ್ನುತ್ತದೆ, ಇನ್ನೊಂದು ತಣ್ಣಗೆ ಎನ್ನುತ್ತದೆ. ಶಾಖ ತಾನಾಗಿ ಹರಿಯುವುದು ಬಿಸಿಯಿಂದ ತಣ್ಣಗಿನ ಕಡೆಗೆ, ಎರಡೂ ಸಮ ಆಗುವವರೆಗೆ. ಹಿಂದಕ್ಕೆ ತಾನಾಗಿ ಬರುವುದಿಲ್ಲ. ಅಳೆಯಲು ಕೈಯನ್ನು ನಂಬಬಾರದು, ಮಕ್ಕಳೇ, ಎನ್ನುತ್ತೇನೆ. ಪುಸ್ತಕದಲ್ಲಿ ಇರುವುದೂ ಅದೇ. ಆದರೆ ಆ ಭಾನುವಾರ ಅಮ್ಮನ ಕೈ ಹೇಳಿದ್ದು ನಿಜವಾಗಿತ್ತು.

ಅಮ್ಮ ಮೀನು ಬಿಟ್ಟು ವರ್ಷಗಳಾದವು. ಕೈ ಈಗ ಎಲ್ಲರ ಕೈಯ ಹಾಗೆ ಬೆಚ್ಚಗಿದೆ. ಆದರೂ ಯಾರ ಹಣೆಯನ್ನೂ ಮುಟ್ಟುವುದಿಲ್ಲ. ಹೋದ ತಿಂಗಳು ನಾನು ಜ್ವರ ಬಂದು ಮಲಗಿದ್ದಾಗ ಬಂದು ಪಕ್ಕದಲ್ಲಿ ಕೂತಳು. ಚಾ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಅಂಗೈ ಬಿಸಿ ಮಾಡಿಕೊಂಡಳು. ಮುಂದೆ ತಂದ ಕೈಯನ್ನು ಹಾಗೇ ಹಿಂದೆ ತೆಗೆದುಕೊಂಡಳು.

"ಆ ಜ್ವರ ನೋಡುವ ಮೆಷಿನ್ ಎಲ್ಲಿ ಉಂಟು ಮಗಾ?"

ನಾನು ಅವಳ ಕೈ ಎಳೆದು ನನ್ನ ಹಣೆಯ ಮೇಲೆ ಒತ್ತಿ ಹಿಡಿದೆ. ಹೇಳಿಬಿಡಬೇಕು ಎಂದು ಬಾಯಿ ತೆರೆದೆ. ಬಂದದ್ದು ಇಷ್ಟೇ: "ಜ್ವರ ಉಂಟಾ ಅಮ್ಮ?"

"ನನಗೆ ಹೇಗೆ ಗೊತ್ತಾಗಬೇಕು ಮಗಾ," ಎಂದಳು ಅಮ್ಮ.